ಸೌದೆ ಮೇಲಿನ ಅಣಬೆಗೂ ಹೆಸರಿದೆ

ಮಳೆ ಹಿಡಿದ ಮೇಲೆ ಸೌದೆ ರಾಶಿಯಲ್ಲಿ, ಬೇಲಿಯ ಒಣ ಗೂಟದಲ್ಲಿ, ಬಿದ್ದ ಮಾವಿನ ಕೊಂಬೆಯಲ್ಲಿ ಬೆಳ್ಳಗೆ ಸಾಲಾಗಿ ಏಳುವ ಚಿಕ್ಕ ಅಣಬೆಯನ್ನು ಎಲ್ಲರೂ ನೋಡಿದ್ದೀರಿ. ಏನದು ಅಂತ ಕೇಳಿದರೆ "ಅದಾ, ನಾಯಿಕೊಡೆ" ಅಂತ ಮುಗಿಸಿಬಿಡ್ತಾರೆ. ಎಲ್ಲದಕ್ಕೂ ಒಂದೇ ಹೆಸರಿಡೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಹತ್ತಿರ ಹೋಗಿ ನೋಡಿ. ಇದಕ್ಕೆ ಕೊಡೆಯ ಆಕಾರವೇ ಇಲ್ಲ, ಕಾಲೂ ಇಲ್ಲ ಅನ್ನಬಹುದು. ಬೀಸಣಿಗೆ ಥರ ಕಟ್ಟಿಗೆಗೆ ಅಂಟಿಕೊಂಡಿರುತ್ತೆ. ಅಗಲ ಸುಮಾರು 1ರಿಂದ 4 ಸೆಂಟಿಮೀಟರ್. ಮೇಲೆಲ್ಲಾ ಬೂದು ಬಿಳುಪಿನ ಸಣ್ಣ ರೋಮ. ತಿರುಗಿಸಿದರೆ ಗುಟ್ಟು ಗೊತ್ತಾಗುತ್ತೆ. ಕೆಳಗೆ ತೆಳು ಪಟ್ಟಿಗಳು ಬುಡದಿಂದ ಹರಡಿಕೊಂಡು, ಒಂದೊಂದರ ಅಂಚೂ ಉದ್ದಕ್ಕೆ ಎರಡಾಗಿ ಸೀಳಿರುತ್ತೆ. ಭೂತಗನ್ನಡಿ ಸಿಕ್ಕಿದರೆ ಬಿಡಬೇಡಿ. ಬಿಸಿಲಿಗೆ ಆ ಸೀಳುಗಳು ಸುರುಳಿ ಸುತ್ತಿಕೊಂಡು ಬೀಜಾಣು ಹುಟ್ಟುವ ಜಾಗವನ್ನು ಮುಚ್ಚಿಕೊಳ್ಳುತ್ತವೆ. ಮಳೆ ಬಿದ್ದರೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಒಣಗಿ ಸತ್ತೇಹೋಯ್ತು ಅಂದುಕೊಂಡದ್ದು ಮತ್ತೆ ಬದುಕುತ್ತೆ! ಸ್ಕಿಜೋಫಿಲ್ಲಮ್ ಕಮ್ಯೂನ್ ಅಂತ ಇದರ ವಿಜ್ಞಾನದ ಹೆಸರು. ಮೊದಲ ಪದಕ್ಕೆ ಸೀಳಿದ ಎಲೆ ಅಂತ ಅರ್ಥ. 1815ರಲ್ಲಿ ಸ್ವೀಡನ್ನಿನ ಎಲಿಯಾಸ್ ಫ್ರೈಸ್ ಇಟ್ಟದ್ದು. ಮಣಿಪುರದಲ್ಲಿ ಇದನ್ನು ಕಂಗ್ಲಾಯೆನ್ ಅಂತ ಕರೆದು ಅಡುಗೆಯನ್ನೂ ಮಾಡ್ತಾರೆ.

ಹಾಗಂತ ನಾಳೆನೇ ಕಿತ್ತು ಪಲ್ಯ ಮಾಡಿ ಅಂತ ನಾನು ಹೇಳ್ತಿಲ್ಲ. ಮರದ ಮೇಲೆ ಬೆಳೆದದ್ದೆಲ್ಲಾ ತಿನ್ನಬಹುದು ಅನ್ನೋ ಮಾತು ಸುಳ್ಳು. ಬೇರೆ ದೇಶಗಳಲ್ಲಿ ಗ್ಯಾಲರಿನಾ ಅನ್ನೋ ಸಣ್ಣ ಕಂದು ಅಣಬೆಯೂ ಕೊಳೆತ ಮರದ ಮೇಲೇ ಬರುತ್ತೆ. ಅದರ ವಿಷ ಪಿತ್ತಜನಕಾಂಗವನ್ನೇ ಹಾಳುಮಾಡುತ್ತೆ, ಬೇಯಿಸಿದರೂ ಹೋಗಲ್ಲ. ವಾಂತಿ ಭೇದಿ ಶುರುವಾಗೋದೇ ತಿಂದು 6, 12 ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ವಿಷ ಮೈಗೆ ಸೇರಿರುತ್ತೆ.

ಬೇಯುವಾಗ ಬೆಳ್ಳಿ ನಾಣ್ಯ ಹಾಕಿದರೆ ವಿಷ ಗೊತ್ತಾಗುತ್ತೆ, ಹುಳ ತಿಂದದ್ದನ್ನು ನಾವೂ ತಿನ್ನಬಹುದು ಅಂತ ದೊಡ್ಡವರು ಹೇಳ್ತಾರೆ. ಎರಡೂ ನಂಬೋ ಹಾಗಿಲ್ಲ. ಅಣಬೆ ವಿಷಕ್ಕೆ ಬೆಳ್ಳಿ ಕಪ್ಪಾಗಲ್ಲ, ನಮಗೆ ವಿಷವಾದದ್ದನ್ನು ಬಸವನಹುಳು ಆರಾಮಾಗಿ ತಿನ್ನುತ್ತೆ. ಹುತ್ತದ ಅಣಬೆ ವಿಷಯದಲ್ಲಿ ನಮ್ಮಜ್ಜಿ ಕಣ್ಣನ್ನು ನಾನು ಒಪ್ಪುತ್ತೇನೆ, ಬೆಳ್ಳಿ ವಿಷಯದಲ್ಲಿ ಒಪ್ಪಲ್ಲ.

ಗುರುತಿಸೋಕೆ ಬೇರೆ ದಾರಿ ಇದೆ. ಹಸಿ ಅಣಬೆಯನ್ನು ಪಟ್ಟಿ ಇರೋ ಕಡೆ ಕೆಳಗೆ ಮಾಡಿ ಕಪ್ಪು ಕಾಗದದ ಮೇಲಿಟ್ಟು, ಲೋಟ ಬೋರಲು ಹಾಕಿ ರಾತ್ರಿ ಬಿಡಿ. ಇದರದ್ದಾದರೆ ಬೀಜಾಣು ಬೆಳ್ಳಗೆ ಉದುರಿರುತ್ತೆ. ಗ್ಯಾಲರಿನಾದ್ದು ತುಕ್ಕಿನ ಬಣ್ಣ, ಅದು ಬಿಳಿ ಕಾಗದದಲ್ಲಿ ಕಾಣುತ್ತೆ. ಆಮೇಲೆ ಕೈ ತೊಳೆದುಕೊಳ್ಳಿ. ಆ ಕಾಗದದ ಜೊತೆ ಅಣಬೆಯ ಚಿತ್ರ, ಸಿಕ್ಕಿದ ಮರದ ಹೆಸರು ಬರೆದು ತಂದರೆ ಮುಂದಿನ ಸಂಚಿಕೆಗೆ ಇದೇ ಗೋಡೆಗೆ ಅಂಟಿಸೋಣ. ಮೇಷ್ಟ್ರು ಜಾಗ ಬಿಡಿಸಿಕೊಡಬೇಕು.