ರಸ್ಟ್ ಎಂದರೆ ಬರೀ ತುಕ್ಕಲ್ಲ: ಫೋನ್ ಅಪ್‌ಡೇಟ್‌ಗೂ ‘ಲೈಫ್‌ಟೈಮ್’ ನಿಯಮಕ್ಕೂ ಏನು ಸಂಬಂಧ?

“ಫೋನ್‌ಗೆ ಬರುವ ಸೆಕ್ಯುರಿಟಿ ಅಪ್‌ಡೇಟ್ ಹಾಕಬೇಡಿ. ಹೊಸದೇನೂ ಬರಲ್ಲ, ಫೋನ್ ನಿಧಾನ ಆಗುತ್ತೆ ಅಷ್ಟೇ.” ಇಂತಹ ಸಲಹೆ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಆಗಾಗ ಓಡಾಡುತ್ತಿರುತ್ತದೆ. ಅಪ್‌ಡೇಟ್ ಆದ ಮೇಲೆ ಪರದೆಯಲ್ಲಿ ಏನೂ ಬದಲಾಗದಿದ್ದರೆ ಈ ಮಾತು ನಿಜವೆಂದೇ ಅನ್ನಿಸುತ್ತದೆ. ಆದರೆ ಅನೇಕ ಸಲ ಬದಲಾವಣೆ ಕಣ್ಣಿಗೆ ಕಾಣದ ಕಡೆ, ಫೋನಿನ ಮೆಮೊರಿಯನ್ನು ಬಳಸುವ ರೀತಿಯಲ್ಲಿ ಆಗಿರುತ್ತದೆ. ಅದನ್ನು ಅರ್ಥಮಾಡಿಕೊಳ್ಳಲು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ನಿಯಮವನ್ನು ನೋಡೋಣ. ಕೋಡಿಂಗ್ ಗೊತ್ತಿರಬೇಕೆಂದಿಲ್ಲ.

ಹೆಸರು ಬಂದದ್ದು ಎಲ್ಲಿಂದ?

ಸಂಡೂರಿನಲ್ಲಿ ಗುಡ್ಡ, ರಸ್ತೆ, ಲಾರಿ ಎಲ್ಲದರ ಮೇಲೂ ಕೂರುವ ಕೆಂಪು ದೂಳಿನಲ್ಲಿ ಇರುವುದು ಕಬ್ಬಿಣದ ಆಕ್ಸೈಡ್. ಅದು ತುಕ್ಕಿನ ಹತ್ತಿರದ ನೆಂಟ. ರಸ್ಟ್ ಎಂದಾಗ ನಮಗೆ ಅದೇ ನೆನಪಾಗುವುದು ಸಹಜ. ಆದರೆ 2006ರಲ್ಲಿ ಈ ಭಾಷೆಯನ್ನು ಶುರುಮಾಡಿದ ಗ್ರೇಡನ್ ಹೋರ್ ಹೆಸರನ್ನು ತೆಗೆದುಕೊಂಡದ್ದು ಬೆಳೆಗಳಿಗೆ ತುಕ್ಕು ರೋಗ ತರುವ ಶಿಲೀಂಧ್ರಗಳಿಂದ. ನಮ್ಮ ಶೇಂಗಾ ಎಲೆಗೆ ಬರುವ ತುಕ್ಕು ರೋಗವೂ ಆ ಗುಂಪಿನದೇ. ಎಂಥ ಕಷ್ಟದಲ್ಲೂ ಉಳಿದುಕೊಳ್ಳುವ ಅವುಗಳ ಗುಣ ಅವರಿಗೆ ಹಿಡಿಸಿತ್ತು. ಮೊಜಿಲ್ಲಾ ಸಂಸ್ಥೆಯ ಬೆಂಬಲದಲ್ಲಿ ಬೆಳೆದ ಭಾಷೆಯ 1.0 ಆವೃತ್ತಿ 2015ರ ಮೇ 15ರಂದು ಹೊರಬಂತು.

ಲಾಡ್ಜ್ ಚೀಟಿಯ ಕಥೆ

ನೀವು ಹೊಸಪೇಟೆಯ ಒಂದು ಲಾಡ್ಜ್‌ನಲ್ಲಿ 12ನೇ ನಂಬರ್ ಕೋಣೆ ಹಿಡಿದಿದ್ದೀರಿ. ಸಂಡೂರಿನಿಂದ ಬರುವ ತಮ್ಮನಿಗೆ “ರೂಮ್ ನಂಬರ್ 12” ಎಂದು ಚೀಟಿ ಬರೆದು ಕಳಿಸುತ್ತೀರಿ. ಮಧ್ಯಾಹ್ನ ನೀವು ಕೋಣೆ ಖಾಲಿ ಮಾಡುತ್ತೀರಿ. ಸಂಜೆ ತಮ್ಮ ಬಂದು ಚೀಟಿ ನೋಡಿಕೊಂಡು ಸೀದಾ ಒಳಗೆ ಹೋಗುತ್ತಾನೆ. ಅಲ್ಲಿ ಇರುವುದು ಯಾರೋ ಬೇರೆಯವರು. ತಮ್ಮ ಅದನ್ನು ತಿಳಿಯದೆ ಮನೆಯ ಹಣವನ್ನು ಅವರ ಕೈಗೆ ಕೊಟ್ಟರೆ?

ಫೋನಿನ ಮೆಮೊರಿಯೂ ಹೀಗೆಯೇ. ಪ್ರೋಗ್ರಾಂ ಒಂದು ಜಾಗ ಪಡೆಯುತ್ತದೆ, ಕೆಲಸ ಮುಗಿದ ಮೇಲೆ ಬಿಟ್ಟುಕೊಡುತ್ತದೆ. ಆ ಜಾಗದ ವಿಳಾಸ ಹೊತ್ತ ಚೀಟಿಗೆ ‘ರೆಫರೆನ್ಸ್’ ಎನ್ನುತ್ತಾರೆ. ಜಾಗ ಬಿಟ್ಟ ಮೇಲೂ ಹಳೆಯ ಚೀಟಿಯನ್ನು ಬಳಸಿದರೆ ಅದು ದೋಷ. ದಾಳಿಕೋರರು ಮಾಡುವುದು ಇಷ್ಟೇ: ಖಾಲಿಯಾದ ಆ ಕೋಣೆಗೆ ತಾವೇ ಮೊದಲು ಸೇರಿಕೊಂಡು, ಹಳೆಯ ಚೀಟಿ ಹಿಡಿದು ಬರುವವರಿಗಾಗಿ ಕಾಯುತ್ತಾರೆ.

ಇದು ಅಪರೂಪದ ತಪ್ಪಲ್ಲ. 2020ರಲ್ಲಿ ಕ್ರೋಮ್ ಬ್ರೌಸರ್ ತಂಡವೇ ಲೆಕ್ಕ ಕೊಟ್ಟಿತು: ತಮ್ಮ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿಗೆ ಸಂಬಂಧಿಸಿದವು, ಅದರಲ್ಲಿ ಸುಮಾರು ಅರ್ಧ ಈ ‘ಬಿಟ್ಟ ಮೇಲೂ ಬಳಸುವ’ ದೋಷವೇ.

ಫೋನ್‌ಗಳಲ್ಲಿ ನಡೆದದ್ದೂ ಇದೆ. ಆಂಡ್ರಾಯ್ಡ್‌ನ ‘ಬೈಂಡರ್’ ಎಂಬ ಭಾಗದಲ್ಲಿ ಇಂಥದೇ ಒಂದು ದೋಷವಿತ್ತು. ಅದರ ಪರಿಹಾರ 2018ರ ಆರಂಭದಲ್ಲೇ ಲಿನಕ್ಸ್‌ಗೆ ಬಂದಿತ್ತು. ಆದರೆ ಪಿಕ್ಸೆಲ್ 2, ರೆಡ್ಮಿ ನೋಟ್ 5 ಸೇರಿದಂತೆ ಹಲವು ಫೋನ್‌ಗಳಿಗೆ ಅದು ತಲುಪಿರಲಿಲ್ಲ. ದಾಳಿಕೋರರು ಅದನ್ನು ಬಳಸುತ್ತಿರುವ ಸುಳಿವಿದೆ ಎಂದು 2019ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಬಹಿರಂಗಪಡಿಸಿತು. ಅದೇ ತಿಂಗಳ ಸೆಕ್ಯುರಿಟಿ ಅಪ್‌ಡೇಟ್‌ನಲ್ಲಿ ಪರಿಹಾರ ಬಂತು. ಹಾಕಿಕೊಂಡವರಿಗೆ ಪರದೆಯಲ್ಲಿ ‘ಹೊಸದೇನೂ’ ಕಾಣಲಿಲ್ಲ. ಆದರೆ ಒಂದು ಬಾಗಿಲು ಮುಚ್ಚಿತ್ತು.

ರಸ್ಟ್ ಏನು ಮಾಡುತ್ತದೆ?

ಹಳೆಯ ಭಾಷೆಗಳಾದ ಸಿ, ಸಿ ಪ್ಲಸ್ ಪ್ಲಸ್‌ಗಳಲ್ಲಿ ಚೀಟಿ ಹಳತಾಗಿದೆಯೇ ಎಂದು ನೋಡುವ ಹೊಣೆ ಬಹುಮಟ್ಟಿಗೆ ಬರೆಯುವವರದು. ರಸ್ಟ್‌ನಲ್ಲಿ ಪ್ರೋಗ್ರಾಂ ಸಿದ್ಧಪಡಿಸುವ ಕಂಪೈಲರೇ ಪ್ರತಿ ಚೀಟಿಯನ್ನೂ ತಪಾಸಣೆ ಮಾಡುತ್ತದೆ. ಚೀಟಿಯನ್ನು ಕೊನೆಯ ಸಲ ಬಳಸುವವರೆಗೂ ಕೋಣೆ ನಿಮ್ಮ ಹೆಸರಿನಲ್ಲೇ ಇರಬೇಕು. ಇಲ್ಲದಿದ್ದರೆ ಪ್ರೋಗ್ರಾಂ ತಯಾರೇ ಆಗುವುದಿಲ್ಲ. ರೆಫರೆನ್ಸ್ ಎಲ್ಲಿಯವರೆಗೆ ಸರಿಯಾಗಿರುತ್ತದೆ ಎಂಬ ಆ ಅವಧಿಯೇ ‘ಲೈಫ್‌ಟೈಮ್’.

ಈ ತಪಾಸಣೆ ತಯಾರಿಯ ಹಂತದಲ್ಲೇ ಮುಗಿಯುತ್ತದೆ. ನಿಮ್ಮ ಫೋನಿನಲ್ಲಿ ಅದು ಮತ್ತೆ ನಡೆಯುವುದಿಲ್ಲ. ಹಾಗಾಗಿ ಈ ನಿಯಮದಿಂದ ಫೋನ್ ನಿಧಾನವಾಗುವ ಪ್ರಶ್ನೆಯೇ ಇಲ್ಲ.

ಬರೆದರೆ ಆಯುಷ್ಯ ಹೆಚ್ಚುತ್ತದೆಯೇ?

ರಸ್ಟ್ ಕಲಿಯುವವರಲ್ಲೂ ಒಂದು ತಪ್ಪು ನಂಬಿಕೆ ಇದೆ. ಕೆಲವು ಕಡೆ ಲೈಫ್‌ಟೈಮ್‌ಗೆ ಒಂದು ಹೆಸರು ಕೊಟ್ಟು ಬರೆಯಬೇಕಾಗುತ್ತದೆ. ಹಾಗೆ ಬರೆದರೆ ಮಾಹಿತಿಯ ಆಯುಷ್ಯ ಹೆಚ್ಚುತ್ತದೆ ಎಂದು ಹಲವರು ಅಂದುಕೊಳ್ಳುತ್ತಾರೆ. ಅದು ತಪ್ಪು.

ಸಂಡೂರಿನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 2013ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಭಾಗದ ‘ಸಿ’ ವರ್ಗದ ಗಣಿ ಗುತ್ತಿಗೆಗಳನ್ನು ರದ್ದುಪಡಿಸಿತು. ಗುತ್ತಿಗೆಯೇ ಹೋದ ಮೇಲೆ ಅದರ ಹೆಸರಿನ ಪರ್ಮಿಟ್‌ನಲ್ಲಿ ಯಾವ ತಾರೀಕು ಬರೆದರೇನು? ಪರ್ಮಿಟ್ ಗುತ್ತಿಗೆಯನ್ನು ಬದುಕಿಸುವುದಿಲ್ಲ. ಗುತ್ತಿಗೆ ಇರುವವರೆಗೆ ಮಾತ್ರ ಪರ್ಮಿಟ್‌ಗೆ ಬೆಲೆ. ಲೈಫ್‌ಟೈಮ್ ಬರಹವೂ ಯಾವುದು ಯಾವುದನ್ನು ಆಶ್ರಯಿಸಿದೆ ಎಂದು ಕಂಪೈಲರ್‌ಗೆ ಹೇಳುತ್ತದೆ, ಅಷ್ಟೇ.

ಅದು ಬೇಕಾಗುವುದು ಯಾವಾಗ? ನಿಮ್ಮ ಬಳಿ ಎರಡು ಚೀಟಿ ಇವೆ ಎನ್ನಿ. ಒಂದು ಹೊಸಪೇಟೆಯ ಲಾಡ್ಜ್‌ನದು, ನಾಳೆ ಮಧ್ಯಾಹ್ನದವರೆಗೆ. ಇನ್ನೊಂದು ಸಂಡೂರಿನ ಕಲ್ಯಾಣ ಮಂಟಪದ್ದು, ಇಂದು ರಾತ್ರಿ ಹತ್ತರವರೆಗೆ. “ಯಾವುದು ದೊಡ್ಡದೋ ಆ ಚೀಟಿ ಕೊಡು” ಎಂದು ಒಬ್ಬರಿಗೆ ಹೇಳುತ್ತೀರಿ. ಯಾವುದು ಕೈಗೆ ಬರುತ್ತದೆಂದು ಮೊದಲೇ ಗೊತ್ತಿಲ್ಲ. ಆದ್ದರಿಂದ ರಾತ್ರಿ ಹತ್ತರೊಳಗೆ ಬಳಸುವುದೇ ಕ್ಷೇಮ. ಎರಡು ಚೀಟಿಗೂ ಒಂದೇ ಲೈಫ್‌ಟೈಮ್ ಹೆಸರು ಕೊಟ್ಟಾಗ ರಸ್ಟ್ ಕೂಡ ಹೀಗೇ ಕಡಿಮೆ ಅವಧಿಯನ್ನೇ ಲೆಕ್ಕಕ್ಕೆ ಹಿಡಿಯುತ್ತದೆ.

ಇದರಿಂದ ಪ್ರಯೋಜನ ಆಗಿದೆಯೇ?

2021ರಲ್ಲಿ ಗೂಗಲ್, ಆಂಡ್ರಾಯ್ಡ್ ವ್ಯವಸ್ಥೆಯನ್ನು ಬರೆಯಲು ರಸ್ಟ್‌ಗೆ ಅವಕಾಶ ಕೊಟ್ಟಿತು. 2022ರ ಡಿಸೆಂಬರ್‌ನಲ್ಲಿ ಲಿನಕ್ಸ್ 6.1ಕ್ಕೂ ರಸ್ಟ್ ಬಂತು. ಗೂಗಲ್ ಪ್ರಕಾರ ಆಂಡ್ರಾಯ್ಡ್‌ನ ಭದ್ರತಾ ದೋಷಗಳಲ್ಲಿ ಮೆಮೊರಿ ದೋಷಗಳ ಪಾಲು 2019ರಲ್ಲಿ 76% ಇದ್ದದ್ದು 2024ರಲ್ಲಿ 24%ಕ್ಕೆ ಇಳಿಯಿತು. ಹೊಸ ಕೋಡ್ ಅನ್ನು ರಸ್ಟ್‌ನಂತಹ ಸುರಕ್ಷಿತ ಭಾಷೆಗಳಲ್ಲಿ ಬರೆಯತೊಡಗಿದ್ದು ಇದಕ್ಕೆ ಮುಖ್ಯ ಕಾರಣ.

ಹಾಗೆಂದು ರಸ್ಟ್ ಸರ್ವರೋಗಕ್ಕೆ ಮದ್ದಲ್ಲ. ಅದರಲ್ಲೂ ‘ಅನ್‌ಸೇಫ್’ ಎಂದು ಗುರುತು ಹಾಕಿ ಕೆಲವು ತಪಾಸಣೆಗಳಿಂದ ಹೊರಗುಳಿಯುವ ಭಾಗಗಳಿರುತ್ತವೆ. ಹಳೆಯ ಕೋಡ್ ಇನ್ನೂ ಸಾಕಷ್ಟಿದೆ. ನೀವೇ ಓಟಿಪಿ ಹೇಳಿದರೆ, ಮದುವೆ ಆಮಂತ್ರಣದ ಹೆಸರಿನಲ್ಲಿ ಬಂದ ಎಪಿಕೆ ಫೈಲ್ ಒತ್ತಿ ಇನ್‌ಸ್ಟಾಲ್ ಮಾಡಿದರೆ ಯಾವ ಭಾಷೆಯೂ ಕಾಪಾಡದು.

ಹಾಗಾದರೆ ನಿಜವೇನು?

“ಅಪ್‌ಡೇಟ್‌ನಿಂದ ಹೊಸದೇನೂ ಬರಲ್ಲ” ಎಂಬುದು ದಾರಿ ತಪ್ಪಿಸುವ ಮಾತು. ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಫೋನಿನ ಸೆಕ್ಯುರಿಟಿ ಅಪ್‌ಡೇಟ್ ಯಾವ ತಿಂಗಳದ್ದು ಎಂದು ನೋಡಿ. ಹೊಸದು ಬಂದಿದ್ದರೆ ಚಾರ್ಜ್‌ಗೆ ಹಾಕಿ, ವೈಫೈ ಇದ್ದಾಗ ಹಾಕಿಕೊಳ್ಳಿ. ಮನೆಯಲ್ಲಿ ಅಪ್ಪ ಅಮ್ಮನ ಫೋನನ್ನೂ ಒಮ್ಮೆ ನೋಡಿ. ಗ್ರೂಪ್‌ನಲ್ಲಿ ಆ ಫಾರ್ವರ್ಡ್ ಮತ್ತೆ ಬಂದರೆ, ಲಾಡ್ಜ್ ಚೀಟಿಯ ಕಥೆ ಹೇಳಿ.