ಎರಡು ಸಾಲು ಓದೋಕೆ ಏನು ಕಷ್ಟ?

“ಏನ್ ಗುರೂ, ಅರ್ಧ ಗಂಟೆ ಆದ್ರೂ ಏನೂ ಆಗ್ಲಿಲ್ಲ! ಇದ್ರದ್ದೇ ಇಂಗ್ಲಿಷ್ ರೀಮೇಕ್ ಇದ್ಯಂತೆ, ಅದನ್ನೇ ನೋಡ್ತೀನಿ ಬಿಡು.”

ಸ್ವೀಡನ್ನಿನ ‘ಲೆಟ್ ದ ರೈಟ್ ಒನ್ ಇನ್’ (2008) ನೋಡು ಅಂತ ಆಫೀಸಿನ ಗೆಳೆಯನಿಗೆ ಹೇಳಿದ್ದಕ್ಕೆ ಸಿಕ್ಕ ಉತ್ತರ ಇದು. ಅವನೆದುರು ಸುಮ್ಮನಿದ್ದೆ. ಇಲ್ಲಿ ಸುಮ್ಮನಿರೋಕೆ ಆಗ್ತಿಲ್ಲ.

ಏನೂ ಆಗಲಿಲ್ಲವಂತೆ! ಆ ಹೊತ್ತಿಗೆ ಕಾಡಿನಲ್ಲಿ ಒಬ್ಬನನ್ನು ತಲೆಕೆಳಗಾಗಿ ನೇತುಹಾಕಿ ರಕ್ತ ಬಸಿದಾಗಿರುತ್ತೆ. ‘ಈಗ ಹೆದರಿಕೋ’ ಅಂತ ಹಿನ್ನೆಲೆ ಸಂಗೀತ ಬಡಿದುಕೊಳ್ಳಲಿಲ್ಲ, ಅಷ್ಟೇ.

1980ರ ದಶಕದ ಆರಂಭ, ಸ್ಟಾಕ್‌ಹೋಮ್ ಅಂಚಿನ ಬ್ಲಾಕೆಬರ್ಗ್. ಶಾಲೆಯಲ್ಲಿ ಒದೆ ತಿನ್ನುವ ಹನ್ನೆರಡು ವರ್ಷದ ಓಸ್ಕರ್. ಪಕ್ಕದ ಮನೆಗೆ ಬಂದ ಎಲಿ, ರಕ್ತಪಿಶಾಚಿ. ನಡುವಿನ ಗೋಡೆಗೆ ತಟ್ಟಿ ತಟ್ಟಿ ಮೋರ್ಸ್ ಕೋಡಿನಲ್ಲಿ ಮಾತಾಡಿಕೊಳ್ಳುತ್ತಾರೆ. ‘ಒಳಗೆ ಬಾ’ ಅಂತ ಕರೆಯದೆ ಎಲಿ ಬರುವಂತಿಲ್ಲ. ಕರೆಯದೆ ಬಂದಾಗ ಏನಾಗುತ್ತೆ ಅಂತ ನಾನು ಹೇಳಲ್ಲ. ಆ ದೃಶ್ಯ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಭಯದಿಂದಲ್ಲ, ಸಂಕಟದಿಂದ.

ರೀಮೇಕ್ ‘ಲೆಟ್ ಮಿ ಇನ್’ ಎರಡೇ ವರ್ಷಕ್ಕೆ, 2010ರಲ್ಲಿ ಬಂತು. ಕೆಟ್ಟ ಚಿತ್ರವೇನಲ್ಲ, ಒಪ್ಪುತ್ತೇನೆ. ಆದರೆ ಶುರುವನ್ನೇ ನೋಡಿ. ಟೋಮಸ್ ಆಲ್‌ಫ್ರೆಡ್‌ಸನ್ ಚಿತ್ರ ಕತ್ತಲಲ್ಲಿ ಸದ್ದಿಲ್ಲದೆ ಬೀಳುವ ಹಿಮದಿಂದ ಶುರುವಾದರೆ, ಅಮೆರಿಕದ್ದು ಆಂಬುಲೆನ್ಸಿನಿಂದ! ಕಥೆ ಅದೇ ಇರಬಹುದು, ಮೌನ ಅದಲ್ಲ. ಈ ಚಿತ್ರದ ಜೀವ ಇರೋದೇ ಆ ಮೌನದಲ್ಲಿ.

ಇನ್ನೊಂದು ವಿಷಯ. 2009ರಲ್ಲಿ ಅಮೆರಿಕದಲ್ಲಿ ಇದರ ಡಿವಿಡಿ ಬಂದಾಗ ಸಬ್‌ಟೈಟಲ್‌ಗಳನ್ನು ಮೊಟಕುಗೊಳಿಸಿ ಸಪ್ಪೆ ಮಾಡಿದ್ದರು. ನೋಡುಗರು ಗಲಾಟೆ ಮಾಡಿದರು. ಮುಂದಿನ ಪ್ರತಿಗಳಲ್ಲಿ ಥಿಯೇಟರಿನ ಸಬ್‌ಟೈಟಲ್‌ಗಳನ್ನೇ ಹಾಕುತ್ತೇವೆ ಅಂತ ಕಂಪನಿ ಒಪ್ಪಿಕೊಳ್ಳಬೇಕಾಯಿತು. ತಮಗೆ ಬಾರದ ಭಾಷೆಯ ಮಾತಿಗಾಗಿ ಜಗಳಕ್ಕೆ ನಿಂತವರಿದ್ದಾರೆ ಅಂತಾಯ್ತಲ್ಲ.

ಮತ್ತೆ ನಾವು? 2015ರಲ್ಲಿ ಲೊಕಾರ್ನೊದಲ್ಲಿ ‘ತಿಥಿ’ಗೆ ಪ್ರಶಸ್ತಿ ಬಂದಾಗ ಎದೆ ಉಬ್ಬಿಸಿಕೊಂಡೆವು. ಅಲ್ಲಿನವರು ಮಂಡ್ಯದ ಕನ್ನಡ ಕಲಿತು ಬಂದಿದ್ದರೇ? ಕೆಳಗಿನ ಸಾಲು ಓದಿಕೊಂಡೇ ನೋಡಿದ್ದು ಸ್ವಾಮಿ! ನಮ್ಮ ಭಾಷೆಗೆ ಜಗತ್ತು ಕಿವಿಗೊಡಬೇಕು, ಸ್ವೀಡಿಷ್ ಮಾತ್ರ ಇಂಗ್ಲಿಷಿಗೆ ತಿರುಗಿ ನಮ್ಮ ಬಳಿ ಬರಬೇಕು. ಇದ್ಯಾವ ನ್ಯಾಯ?

ಕರೆಯದೆ ಒಳಗೆ ಬರಲಾಗದ್ದು ಎಲಿ ಒಬ್ಬಳೇ ಅಲ್ಲ. ಪರಭಾಷೆಯ ಚಿತ್ರವೂ ಅಷ್ಟೇ, ನಾವೇ ‘ಬಾ’ ಅನ್ನಬೇಕು.

ನೀವೇನಂತೀರಿ? ಬೈಯೋದಿದ್ದರೂ ಬೈಯಿರಿ... ಚಿತ್ರ ನೋಡಿಯಾದ ಮೇಲೆ :-)