ಬಸುರಿಯ ರಕ್ತಪರೀಕ್ಷೆಯ ವಿಚಾರ

ಚನ್ನಪಟ್ಟಣದ ಕಡೆಯ ಹಿರಿಯ ಗೃಹಿಣಿಯರೊಬ್ಬರು ಬರೆದ ಕಾಗದವು ಕಳೆದ ತಿಂಗಳು ನಮ್ಮ ಕೈಸೇರಿತು. ಅವರ ಸೊಸೆಗೆ ಈಗ ಮೂರು ತಿಂಗಳು. ಆಸ್ಪತ್ರೆಯಲ್ಲಿ ಹೆಸರು ಬರೆಯಿಸಲು ಹೋದಾಗ, ಉಳಿದ ಪರೀಕ್ಷೆಗಳೊಡನೆ ಹೆಚ್.ಐ.ವಿ. ಪರೀಕ್ಷೆಯನ್ನೂ ಮಾಡುವೆವು, ಒಪ್ಪಿಗೆಯೆ ಎಂದು ಅಲ್ಲಿಯವರು ಕೇಳಿದರಂತೆ. “ನಮ್ಮದು ಮಾನವಂತರ ಮನೆ, ನಮ್ಮ ಹುಡುಗಿಯನ್ನು ಇವರು ಎಂಥವಳೆಂದು ತಿಳಿದರು?” ಎಂದು ನೊಂದು, ಸೊಸೆಯನ್ನು ಕರೆದುಕೊಂಡು ಅವರು ಮನೆಗೆ ಬಂದುಬಿಟ್ಟರು. ತಾವು ಮಾಡಿದುದು ಸರಿಯೆ ತಪ್ಪೆ ಎಂದು ನಮ್ಮನ್ನು ಕೇಳಿದ್ದಾರೆ. ಆ ನೋವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೂ ಉತ್ತರವನ್ನು ಮರೆಮಾಚದೆ ಹೇಳಬೇಕಾಗಿದೆ. ಮಾಡಿದುದು ತಪ್ಪು, ತಿದ್ದಿಕೊಳ್ಳಲು ಇನ್ನೂ ಕಾಲ ಮೀರಿಲ್ಲ.

ಕಾಗದದ ಕೊನೆಯಲ್ಲಿ, ಹುಳುಗಳು ನಾಲ್ಕನೆಯ ಜ್ವರ ಕಳೆದು ಸೊಪ್ಪು ತಿನ್ನುತ್ತಿರುವುದರಿಂದ ಹೆಚ್ಚು ಬರೆಯಲು ಬಿಡುವಿಲ್ಲವೆಂದಿದ್ದಾರೆ. ರಾಮನಗರದ ಮಾರುಕಟ್ಟೆಗೆ ಗೂಡು ಹಾಕುವ ಮನೆಯವರಿಗೆ ಈ ವಿಷಯವನ್ನು ತಿಳಿಸುವುದು ನಮಗೆ ಬಹಳ ಸುಲಭ. ಹೇಗೆಂದರೆ, ಗಂಟುರೋಗವನ್ನು ಅವರು ಬಲ್ಲರು. ಆ ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯತಕ್ಕದ್ದು. ಮರಿಯು ಹುಟ್ಟುವಾಗಲೇ ಅದನ್ನು ಹೊತ್ತು ಬರುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ರೇಷ್ಮೆ ಬೆಳೆಯೇ ಇದರಿಂದ ಹಾಳಾಗುತ್ತಿರಲು, ೧೮೬೫ರಲ್ಲಿ ಲೂಯಿ ಪಾಶ್ಚರ್ ಎಂಬ ಪಂಡಿತನನ್ನು ಅಲ್ಲಿಯ ಸರ್ಕಾರವು ಕಳುಹಿಸಿಕೊಟ್ಟಿತು. ಆತನಿಗೆ ಅದುವರೆಗೆ ರೇಷ್ಮೆಹುಳುವಿನ ಪರಿಚಯವೇ ಇರಲಿಲ್ಲ. ಆ ಕೆಲಸದ ಮೊದಲ ಎರಡು ವರ್ಷಗಳಲ್ಲಿಯೇ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಮಣ್ಣುಮಾಡಿ ಬಂದು ಮತ್ತೆ ಹುಳುಗಳ ಮುಂದೆ ಕುಳಿತನು. ಕೊನೆಗೆ ಆತನು ಕಂಡ ಉಪಾಯವು ಇಷ್ಟೇ: ಮೊಟ್ಟೆಯಿಟ್ಟ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡುವುದು. ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುತ್ತಿರುವುದು ಇದೇ. ಹೀಗೆ ಪರೀಕ್ಷೆಯಾಗದ ಮೊಟ್ಟೆಯನ್ನು ನಮ್ಮ ಪತ್ರಲೇಖಕಿಯವರು ಮನೆಯೊಳಗೆ ಬಿಟ್ಟುಕೊಳ್ಳುವರೆ? ಚಿಟ್ಟೆಗೆ ಅವಮಾನವಾಯಿತೆಂದು ಯಾರೂ ಇದುವರೆಗೆ ಹೇಳಿದ್ದನ್ನು ನಾವು ಕೇಳಿಲ್ಲ.

ಆ ಪಾಶ್ಚರನ ಹೆಸರಿನ ಪ್ಯಾರಿಸ್ ಸಂಸ್ಥೆಯಲ್ಲಿಯೇ ೧೯೮೩ರಲ್ಲಿ ಏಡ್ಸ್ ರೋಗದ ವೈರಾಣುವನ್ನು ಮೊದಲು ಗುರುತಿಸಿದರು. ಅದಕ್ಕಾಗಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ ಎಂಬ ಮಹಿಳೆಗೂ ಲೂಕ್ ಮೊಂಟಾನ್ಯೇ ಅವರಿಗೂ ೨೦೦೮ರಲ್ಲಿ ನೊಬೆಲ್ ಬಹುಮಾನವು ಬಂದಿತು. ನಮ್ಮ ದೇಶದಲ್ಲಿ ಅದು ಇರುವುದನ್ನು ೧೯೮೬ರಲ್ಲಿ ಮದ್ರಾಸಿನಲ್ಲಿ ಕಂಡುಹಿಡಿದವರೂ ಸುನೀತಿ ಸಾಲೊಮನ್, ನಿರ್ಮಲಾ ಎಂಬ ಇಬ್ಬರು ಮಹಿಳೆಯರೇ.

ಆದರೆ ಚಿಟ್ಟೆಯ ಹೋಲಿಕೆಯು ಇಲ್ಲಿಗೆ ನಿಲ್ಲಬೇಕು. ಅಲ್ಲಿ ತಾಯಿಯನ್ನು ಅರೆದು ಸಂತಾನವನ್ನು ಸುಡುವರು. ಇಲ್ಲಿ ತಾಯಿಯನ್ನು ಪರೀಕ್ಷಿಸುವುದು ತಾಯಿ ಮಗು ಇಬ್ಬರನ್ನೂ ಉಳಿಸಿಕೊಳ್ಳುವುದಕ್ಕಾಗಿ. ವೈರಾಣುವಿರುವ ತಾಯಿಗೆ ಔಷಧವಿಲ್ಲದಿದ್ದರೆ ಬಸುರಿನಲ್ಲಿಯೋ ಹೆರಿಗೆಯಲ್ಲಿಯೋ ಮೊಲೆಹಾಲಿನಿಂದಲೋ ನೂರು ಕೂಸುಗಳಲ್ಲಿ ೧೫ರಿಂದ ೪೫ರವರೆಗೆ ಸೋಂಕು ತಗಲುವುದು. ತಾಯಿಯು ಕಾಲಕ್ಕೆ ಸರಿಯಾಗಿ ಔಷಧವನ್ನು ಸೇವಿಸಿದರೆ ಅದು ೫ಕ್ಕಿಂತ ಕೆಳಗಿಳಿಯುವುದು. ಸೋಂಕು ತಗಲಿ ಚಿಕಿತ್ಸೆಯಿಲ್ಲದ ಮಕ್ಕಳಲ್ಲಿ ಅರ್ಧದಷ್ಟು ಎರಡು ವರ್ಷ ತುಂಬುವುದರೊಳಗೆ ತೀರಿಕೊಳ್ಳುವುವು.

ಪರೀಕ್ಷೆಯು ಯಾರೊಬ್ಬರ ಮೇಲಣ ಸಂಶಯದಿಂದಲೂ ಅಲ್ಲ. ಬಸುರಿಯರೆಲ್ಲರಿಗೂ, ಅಧಿಕಾರಿಯ ಹೆಂಡತಿಗೂ ಕೂಲಿಯವಳಿಗೂ, ಅದೇ ಪರೀಕ್ಷೆ. ಇನ್ನೊಂದು ಮಾತನ್ನೂ ಸಂಕೋಚ ಬಿಟ್ಟು ಹೇಳುತ್ತೇವೆ: ನಮ್ಮ ದೇಶದಲ್ಲಿ ಮದುವೆಯಾದ ಹೆಣ್ಣಿಗೆ ಈ ಸೋಂಕು ಬರುವುದು ಬಹುಮಟ್ಟಿಗೆ ಗಂಡನಿಂದ. ಹೀಗಿದ್ದೂ ಮೊದಲು ಪರೀಕ್ಷೆಯಾಗುವವಳು ಅವಳಾದುದರಿಂದ, ಮನೆಗೆ ರೋಗ ತಂದವಳೆಂಬ ಹೆಸರನ್ನೂ ಅವಳೇ ಹೊರುವಳು. ಇದಕ್ಕಿಂತ ಅನ್ಯಾಯವಾದ ಲೆಕ್ಕವನ್ನು ನಾವು ಕಂಡಿಲ್ಲ.

ಔಷಧವು ನಮ್ಮ ತಾಲ್ಲೂಕಿನವರೆಗೆ ಬಂದ ದಾರಿಯು ಸಣ್ಣದಲ್ಲ. ೧೯೯೪ರಲ್ಲಿ ಅಮೆರಿಕ ಮತ್ತು ಫ್ರಾನ್ಸುಗಳಲ್ಲಿ ನಡೆದ ಪ್ರಯೋಗದಿಂದ, ತಾಯಿಗೂ ಕೂಸಿಗೂ ಔಷಧ ಕೊಟ್ಟರೆ ಸೋಂಕು ಮೂರರಲ್ಲಿ ಎರಡು ಪಾಲು ತಗ್ಗುವುದೆಂದು ತಿಳಿಯಿತು. ಬಡದೇಶಗಳಿಗೆ ಆ ಔಷಧದ ಬೆಲೆ ನಿಲುಕುವಂತಿರಲಿಲ್ಲ. ೨೦೦೧ರಲ್ಲಿ ನಮ್ಮ ಮುಂಬಯಿಯ ಸಿಪ್ಲಾ ಕಂಪನಿಯು, ವರ್ಷಕ್ಕೆ ಹತ್ತು ಸಾವಿರ ಡಾಲರು ಮೀರುತ್ತಿದ್ದ ಮೂರು ಔಷಧಗಳ ಚಿಕಿತ್ಸೆಯನ್ನು ೩೫೦ ಡಾಲರಿಗೆ ಕೊಡುವೆನೆಂದು ಮುಂದೆ ಬಂದಿತು. ೨೦೦೨ರಲ್ಲಿ ಭಾರತ ಸರ್ಕಾರವು ತಾಯಿಯಿಂದ ಮಗುವಿಗೆ ಸೋಂಕು ಹರಡದಂತೆ ತಡೆಯುವ ಕಾರ್ಯವನ್ನು ಕೈಗೊಂಡಿತು. ೨೦೦೪ರಿಂದ ಔಷಧವನ್ನು ಉಚಿತವಾಗಿ ಕೊಡಲಾರಂಭಿಸಿತು. ೨೦೦೬ರಲ್ಲಿ ಮಕ್ಕಳಿಗಾಗಿಯೇ ಬೇರೊಂದು ಕಾರ್ಯಕ್ರಮವು ಹೊರಟಿತು. ಅಷ್ಟರಲ್ಲಿ, ೨೦೦೩ರಲ್ಲಿ, ನಮ್ಮ ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯೂ ಕೆನಡಾದ ಮನಿಟೋಬ ವಿಶ್ವವಿದ್ಯಾನಿಲಯವೂ ಕೂಡಿ ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟನ್ನು ಹುಟ್ಟುಹಾಕಿದ್ದವು. ಈಚೆಗೆ ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯೂನಿಸೆಫ್ ಮೊದಲಾದುವು ೨೦೩೦ರೊಳಗೆ ಮಕ್ಕಳಲ್ಲಿ ಏಡ್ಸನ್ನು ಕೊನೆಗಾಣಿಸಬೇಕೆಂದು ಒಂದು ಒಕ್ಕೂಟವನ್ನು ಕಟ್ಟಿವೆ. ಅದರ ಮೊದಲ ಹನ್ನೆರಡು ದೇಶಗಳೂ ಆಫ್ರಿಕಾದವು. ಕ್ಯೂಬಾ ದೇಶವಂತೂ ತಾಯಿಯಿಂದ ಮಗುವಿಗೆ ಹರಡುವುದನ್ನು ನಿಲ್ಲಿಸಿತೆಂದು ೨೦೧೫ರಲ್ಲಿಯೇ ಮನ್ನಣೆ ಪಡೆಯಿತು. ನಮ್ಮ ನೆರೆಯ ಶ್ರೀಲಂಕಾ ೨೦೧೯ರಲ್ಲಿ ಪಡೆಯಿತು.

ಇಷ್ಟು ಜನ ಕೂಡಿ ತಂದ ಔಷಧವು ಕಟ್ಟಕಡೆಯ ಒಂದು ಹರದಾರಿಯಲ್ಲಿ ತಪ್ಪಿಹೋಗುವುದುಂಟು. ಆ ಹರದಾರಿಯು ನಮ್ಮ ಮನೆಗಳದು. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುವುದು ನಮ್ಮ ಪದ್ಧತಿ. ಮಾಗಡಿಯಲ್ಲಿ ಹೆಸರು ಬರೆಯಿಸಿದವಳು ಕನಕಪುರದ ತವರಿನಲ್ಲಿ ಹೆರುವಳು. ಅಲ್ಲಿಯ ವೈದ್ಯರಿಗೆ ಇವಳ ಔಷಧದ ವಿಷಯ ತಿಳಿಯದು. ಹೇಳಲು ಇವಳಿಗೆ ನಾಚಿಕೆ. ತಾಯಿಯ ಮನೆಯಲ್ಲಿ ಮಾತ್ರೆಯನ್ನು ಎಲ್ಲಿ ಬಚ್ಚಿಡುವುದೆಂಬ ಚಿಂತೆ ಬೇರೆ. ಎರಡು ವಾರ ಮಾತ್ರೆ ತಪ್ಪಿದರೂ ವೈರಾಣುವು ಮತ್ತೆ ತಲೆಯೆತ್ತುವುದು. ಆದುದರಿಂದ ಹೊರಡುವ ಮುನ್ನವೇ ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದು ಆಪ್ತಸಮಾಲೋಚಕರನ್ನು ಕಂಡು, ಇಂಥ ಊರಿಗೆ ಹೋಗುತ್ತೇನೆಂದು ತಿಳಿಸಿದರೆ, ಅಲ್ಲಿ ಔಷಧ ದೊರೆಯುವಂತೆ ಅವರು ಏರ್ಪಾಡು ಮಾಡುವರು. ಗುಟ್ಟನ್ನು ಕಾಯುವುದು ಅವರ ಕರ್ತವ್ಯ. ೨೦೧೮ರಲ್ಲಿ ಜಾರಿಗೆ ಬಂದ ಕಾನೂನು ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ, ಗುಟ್ಟನ್ನು ಹೊರಗೆಡಹುವುದನ್ನೂ, ಹೆಣ್ಣನ್ನಾಗಲಿ ಮಗುವನ್ನಾಗಲಿ ಈ ಕಾರಣದಿಂದ ಮನೆಯಿಂದ ಹೊರಗಟ್ಟುವುದನ್ನೂ ನಿಷೇಧಿಸಿದೆ.

ಹಿರಿಯರು ತಿಳಿಯತಕ್ಕ ಇನ್ನೊಂದು ಸಂಗತಿಯುಂಟು. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು, ಹಾಲು ಸಾಲದೆಂದು ಹಸುವಿನ ಹಾಲು ಕುಡಿಸುವುದು ನಮ್ಮ ಅಜ್ಜಿಯರ ವಾಡಿಕೆ. ವೈರಾಣುವಿರುವ ತಾಯಿಯ ಕೂಸಿಗೆ ಇದರಿಂದಲೇ ಅಪಾಯವು ಹೆಚ್ಚು. ಹೊರಗಿನ ಆಹಾರವು ಕೂಸಿನ ಎಳೆಯ ಕರುಳನ್ನು ಕೆರಳಿಸಿ ಸೋಂಕಿಗೆ ದಾರಿ ಮಾಡುವುದೆಂದು ವೈದ್ಯರ ಎಣಿಕೆ. ತಾಯಿಯು ಔಷಧವನ್ನು ಬಿಡದೆ ಸೇವಿಸುತ್ತ, ಮೊದಲ ಆರು ತಿಂಗಳು ತನ್ನ ಹಾಲನ್ನು ಮಾತ್ರವೇ ಕೊಡಬೇಕು. ವೈದ್ಯರು ಕೊಟ್ಟ ಔಷಧದ ಹೊರತು ಒಂದು ಹನಿ ನೀರೂ ಬೇಡ. ಬಾಣಂತಿಯ ಕೋಣೆಯಲ್ಲಿ ಈ ನಿಯಮವು ನಡೆಯುವುದೂ ಕೆಡುವುದೂ ಅತ್ತೆಯ ಕೈಯಲ್ಲಿದೆಯಲ್ಲದೆ ಯಾವ ವೈದ್ಯರ ಕೈಯಲ್ಲಿಯೂ ಇಲ್ಲ.

ಕೂಸಿಗೆ ಹುಟ್ಟಿದ ಕೂಡಲೇ ದ್ರವರೂಪದ ಔಷಧವನ್ನು ಆರಂಭಿಸಿ ಕನಿಷ್ಠ ಆರು ವಾರ ಕೊಡುವರು. ಆರನೆಯ ವಾರದಲ್ಲಿ ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷೆಗೆ ಕಳುಹಿಸುವರು. ಸಾಮಾನ್ಯ ಪರೀಕ್ಷೆಯು ಆಗ ನಂಬತಕ್ಕದ್ದಲ್ಲ. ತಾಯಿಯ ರಕ್ತದಿಂದ ಬಂದ ಅಂಶವು ಹದಿನೆಂಟು ತಿಂಗಳವರೆಗೂ ಮಗುವಿನಲ್ಲಿ ಉಳಿದು ದಾರಿತಪ್ಪಿಸಬಹುದು. ಕೊನೆಯ ತೀರ್ಮಾನವು ಹದಿನೆಂಟನೆಯ ತಿಂಗಳಿನಲ್ಲಿ. ಒಂದುವೇಳೆ ಸೋಂಕು ತಗಲಿದ್ದರೂ ಕೈಚೆಲ್ಲಬೇಕಾಗಿಲ್ಲ. ಬೇಗನೆ ಚಿಕಿತ್ಸೆ ಆರಂಭಿಸಿದರೆ ಶಿಶುಮರಣವು ನಾಲ್ಕರಲ್ಲಿ ಮೂರು ಪಾಲು ತಗ್ಗುವುದೆಂದು ೨೦೦೮ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಅಧ್ಯಯನವು ತೋರಿಸಿತು.

ಇನ್ನು ನಮ್ಮ ಪತ್ರಲೇಖಕಿಯವರಿಗೆ: ತಾಯೀ, ಗೂಡು ಕಟ್ಟುವವರೆಗೆ ಕಾಯಬೇಡಿರಿ, ಹುಳುವಿಗೆ ಸೊಪ್ಪು ಹಾಕಲು ನೆರೆಯವರಿಗೆ ಹೇಳಿ, ಈ ವಾರವೇ ಸೊಸೆಯನ್ನು ಮತ್ತೆ ಕರೆದುಕೊಂಡು ಹೋಗಿರಿ. ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲದವಳಿಗೂ ಬಸುರಿನ ನಡುವೆ ಸೋಂಕು ತಗಲಬಹುದು. ಆದುದರಿಂದ ನಿಮ್ಮ ಮಗನೂ ಜೊತೆಯಲ್ಲಿ ಹೋಗಿ ರಕ್ತ ಕೊಡಲಿ. ಸೊಸೆಯೊಡನೆ ಆತನೂ ಅದೇ ಬೆಂಚಿನ ಮೇಲೆ ಕುಳಿತಿದ್ದರೆ, ಇದು ಅವಮಾನವೆಂಬ ಮಾತು ನಿಮ್ಮ ಮನೆಯಲ್ಲಿ ಮತ್ತೆ ಏಳಲಾರದು. ಆತನು ಬಿಡುವಿಲ್ಲವೆಂದರೆ, ಮೊಟ್ಟೆ ತರಲು ಹೋಗುವ ದಿನ ಆತನಿಗೆ ಬಿಡುವು ಹೇಗೆ ಸಿಕ್ಕುವುದೆಂದು ಕೇಳಿರಿ.